ಉಣ್ಣುವ ಕೈ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೌದಿಗೆ ಬಂದು ಹತ್ತು ವರ್ಷ ದಾಟಿದರೂ ಅದು ಅಲ್ಲಿಂದ ಕೆಳಗಿಳಿದಿಲ್ಲ. ನಾನೀಗ ಹೇಳಹೊರಟಿರುವುದು ಶುರುವಾದದ್ದೂ ಅಂಥದೊಂದು ಸಿಟ್ಟಿನಿಂದಲೇ, ಒಂದು ಶುಕ್ರವಾರ ಮಧ್ಯಾಹ್ನ, ಕೋಳಿಸಾರಿನ ತಟ್ಟೆಯ ಮುಂದೆ.

ಹಫ್ರ್ ಅಲ್ ಬಾತಿನ್ ಊರಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ನಾನು ಫಿಸಿಯೋಥೆರಪಿಸ್ಟ್. ಮಂಗಳೂರು ಕಡೆಯ ಕ್ರೈಸ್ತರ ಮನೆಯವನು. ನನ್ನ ಜೊತೆ ಒಂದೇ ಫ್ಲ್ಯಾಟಿನಲ್ಲಿರುವವರು ಮೈಸೂರಿನ ಒಬ್ಬ ಇಂಜಿನಿಯರು. ಮೊಟ್ಟೆ ಒಡೆದ ವಾಸನೆ ಬಂದರೂ ಎದ್ದು ಕಿಟಕಿ ತೆರೆಯುವ ಅಪ್ಪಟ ಸಸ್ಯಾಹಾರಿ. ಅವತ್ತು ಬೆಳಿಗ್ಗೆ ಇಬ್ಬರೂ ಸುಮ್ಮನೆ ಊರಿನ ಕುರಿ-ಒಂಟೆ ಸಂತೆ ನೋಡಲು ಹೋಗಿದ್ದೆವು. ಅಲ್ಲೊಬ್ಬ ಕುರಿ ಕೊಯ್ಯುತ್ತಿದ್ದಾಗ ನಾನು ಮುಖ ತಿರುಗಿಸಿದ್ದನ್ನು ಈ ಮಹಾಶಯರು ಗಮನಿಸಿಬಿಟ್ಟಿದ್ದರು.

“ಅಲ್ರೀ,” ಎಂದರು ಮೊಸರನ್ನ ಕಲಸುತ್ತ, “ಬೆಳಿಗ್ಗೆ ಕುರಿ ಕೊಯ್ಯೋವಾಗ ಆ ಕಡೆ ತಿರುಗಿ ನಿಂತ್ಕೊಂಡ್ರಿ. ಈಗ ನೋಡಿದ್ರೆ ಮೂಳೆ ಚೀಪ್ತಾ ಇದೀರಿ. ನೋಡೋಕೆ ಆಗಲ್ಲ, ತಿನ್ನೋಕೆ ಮಾತ್ರ ಆಗುತ್ತೆ. ಇದ್ಯಾವ ನ್ಯಾಯಾನಪ್ಪ?”

“ನೀವು ನಿಮ್ಮ ಮೊಸರನ್ನ ನೋಡ್ಕೊಳ್ಳಿ ಮಾರಾಯ್ರೆ. ನನ್ನ ಬಟ್ಟಲಿಗೆ ಇಣುಕ್ಲಿಕ್ಕೆ ಬರ್ಬೇಡಿ,” ಎಂದು ರೇಗಿದೆ.

ರೇಗಿದೆನೇನೋ ಸರಿ, ಕೈಯಲ್ಲಿದ್ದ ಮೂಳೆಯನ್ನು ತಟ್ಟೆಗೇ ಹಾಕಿದೆ. ತಟ್ಟೆಯಲ್ಲಿದ್ದ ಕೋಳಿ ಬ್ರೆಜಿಲ್ ದೇಶದ್ದು. ಅದನ್ನು ಸಾಕಿದವರು ಯಾರು, ಕೊಂದವರು ಯಾರು, ಕೊಂದದ್ದು ಮನುಷ್ಯನೋ ಯಂತ್ರವೋ, ನನಗೆ ಒಂದೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಹೀಗಿರಲಿಲ್ಲ. ಅಂಗಳದ ಕೋಳಿ, ಕೊಲ್ಲುವವಳು ಅಮ್ಮ, ಗರಿ ಕೀಳುವವನು ನಾನು. ಮೈಸೂರಿನವರ ಮಾತು ಎರಡು ದಿನ ಕಾಲಿಗೆ ನೆಟ್ಟ ಮುಳ್ಳಿನ ಹಾಗೆ ಚುಚ್ಚಿತು. ಮೂರನೆಯ ದಿನ ಅವರೆದುರು ನಿಂತು, ಇನ್ನು ಮೇಲೆ ನನ್ನ ಕೈಯಾರೆ ಕೊಲ್ಲದ ಮಾಂಸವನ್ನು ಮುಟ್ಟುವುದಿಲ್ಲ ಎಂದು ಘೋಷಿಸಿದೆ. ಮೀನೂ ಸೇರಿಯೇ? ಎಂದು ಕೇಳಿದರು. ಮಂಗಳೂರಿನವನಿಗೆ ಕೇಳುವ ಪ್ರಶ್ನೆಯೇ ಅದು? ಆದರೂ ಹಟಕ್ಕೆ ಬಿದ್ದು “ಹೌದು, ಮೀನೂ” ಎಂದುಬಿಟ್ಟೆ.

ಆ ರಾತ್ರಿಯೇ ಅಮ್ಮನಿಗೆ ಫೋನು ಮಾಡಿ, ಕೋಳಿ ಕೊಲ್ಲುವುದು ಹೇಗೆಂದು ಕೇಳಿದೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಮ್ಮ ಕೊಂಕಣಿಯಲ್ಲಿ ಅವಳು ಹೇಳಿದ್ದು ಇಷ್ಟು: “ಕತ್ತಿ ಎಂತದಕ್ಕೆ? ಕುತ್ತಿಗೆ ಹಿಡಿ, ಒಂದೇ ತಿರುವು. ಅದಕ್ಕೂ ಗೊತ್ತಾಗ್ಬಾರ್ದು, ನಿನಗೂ ಗೊತ್ತಾಗ್ಬಾರ್ದು. ಮತ್ತೆ, ಕೊಂದದ್ದನ್ನು ಒಂದು ತುಂಡೂ ಬಿಸಾಡ್ಲಿಕ್ಕಿಲ್ಲ. ಬಿಸಾಡಿದ್ರೆ ಕೊಂದ ಪಾಪ ಉಳೀತದೆ.”

ಹಾಗೆ ಹದಿನೈದು ದಿನಕ್ಕೊಮ್ಮೆ ಸಂತೆಯಿಂದ ಒಂದು ಜೀವಂತ ಕೋಳಿ ತಂದು, ಕಟ್ಟಡದ ಹಿಂದಿನ ಅಂಗಳದಲ್ಲಿ ಕೊಲ್ಲತೊಡಗಿದೆ. ಮೊದಲ ಸಲ ಕೋಳಿ ಕೈಯಿಂದ ಜಾರಿ ಓಡಿತು. ನಾಲ್ಕನೆಯ ಸಲ ಜಾರಲಿಲ್ಲ. ಕಣ್ಣು ಮುಚ್ಚಿ ಒಂದು ತಿರುವು, ಮುಗಿಯಿತು. ನನಗೆ ನನ್ನ ಮೇಲೆ ಅಭಿಮಾನವೂ ಹುಟ್ಟಿತು. ಎಂಥಾ ಶೂರ!

ಆ ಚಳಿಗಾಲದಲ್ಲೇ ನಮ್ಮ ಚಿಕಿತ್ಸಾಲಯಕ್ಕೆ ಬದೂ ಎಂಬ ಮರುಭೂಮಿಯ ಅಲೆಮಾರಿ ಜನರ ಪೈಕಿ ಒಬ್ಬ ಅಜ್ಜನನ್ನು ಕರೆತಂದರು. ಎಪ್ಪತ್ತು ದಾಟಿದ ವಯಸ್ಸು. ಪಾರ್ಶ್ವವಾಯು ಹೊಡೆದು ಕಾಲು ತಕ್ಕಮಟ್ಟಿಗೆ ಚೇತರಿಸಿಕೊಂಡಿತ್ತು, ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಎರಡು ದಿನ ಕೂತದ್ದೇ ಹೆಚ್ಚು, ಮೂರನೆಯ ದಿನ ಮರುಭೂಮಿಯ ತಮ್ಮ ಡೇರೆಗೆ ಹೊರಟೇಬಿಟ್ಟರು. ಬೇಕಾದವರು ಅಲ್ಲಿಗೇ ಬರಲಿ ಎಂದರು. ಅಪ್ಪನ ಆರೈಕೆಗೆಂದು ರಿಯಾದ್‌ನಿಂದ ಬಂದು ನಿಂತಿದ್ದ ಹಿರಿಯ ಮಗ ವಾರಕ್ಕೆ ಮೂರು ದಿನ ಸಂಜೆ ಕಾರು ಕಳಿಸುವುದೆಂದೂ, ನಾನು ಹೋಗುವುದೆಂದೂ ನಿಶ್ಚಯವಾಯಿತು.

ಊರಿನಿಂದ ಒಂದು ಗಂಟೆಯ ದಾರಿ. ಡೇರೆಯ ಸುತ್ತ ಆಡುಗಳು, ನೀರಿನ ಟ್ಯಾಂಕಿ, ಒಲೆ. ಒಳಗೆ ಒಂದು ಮೂಲೆಯಲ್ಲಿ ಮರದ ಗೂಟದ ಮೇಲೆ ಕಣ್ಣಿಗೆ ತೊಗಲಿನ ಟೋಪಿ ಹಾಕಿಸಿಕೊಂಡು ಕೂತಿದ್ದ ಒಂದು ಹೆಣ್ಣು ಗಿಡುಗ. ಅದಕ್ಕೆ ಪಾಸ್‌ಪೋರ್ಟ್ ಕೂಡ ಇದೆಯಂತೆ. ನನಗೆ ಇಕಾಮಾ ಎಂಬ ವಾಸದ ಪರವಾನಗಿ, ಅದಕ್ಕೆ ಪಾಸ್‌ಪೋರ್ಟ್. ಆ ಡೇರೆಯಲ್ಲಿ ಕಾಗದಪತ್ರವಿಲ್ಲದ್ದು ಆಡುಗಳಿಗೆ ಮಾತ್ರ.

ಮೊದಲ ದಿನ ಅಜ್ಜನ ಬಲಗೈಯ ಬೆರಳುಗಳ ನಡುವೆ ಒಂದು ಬಟ್ಟೆಯ ಪಟ್ಟಿ ಇಟ್ಟು, “ಬಿಗಿಯಾಗಿ ಹಿಡಿಯಿರಿ ಹಾಜಿ,” ಎಂದು ನನ್ನ ಹರಕು ಅರಬ್ಬಿಯಲ್ಲಿ ಹೇಳಿ ಮೆಲ್ಲಗೆ ಎಳೆದೆ. ಪಟ್ಟಿ ಹಾಗೇ ಜಾರಿ ಬಂತು. ಅವರು ಅದನ್ನೇ ನೋಡುತ್ತ ಕೂತರು. ಆಮೇಲೆ ಎಡಗೈಯಿಂದ ಸೊಂಟದ ಚೂರಿ ತೆಗೆದು ನನ್ನ ಮುಂದಿಟ್ಟರು. ಮರದ ಹಿಡಿ, ತೆಳ್ಳಗೆ ಸವೆದ ಅಲಗು.

“ಬಟ್ಟೆ ಹಿಡಿದು ನಾನೇನು ಮಾಡಲಿ, ಹಿಂದೀ?” ಎಂದರು. ಇಂಡಿಯಾದವನೆಂದು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. “ಇದನ್ನು ಹಿಡಿಯುವುದು ಕಲಿಸು.”

ವಿಷಯ ಏನೆಂದು ಮಗ ಹೇಳಿದ. ಕಾಯಿಲೆ ಬಿದ್ದ ದಿನದಿಂದ ಅಜ್ಜ ಮಾಂಸ ಬಿಟ್ಟಿದ್ದರು. ತಮ್ಮ ಗಿಡುಗ ಹಿಡಿದ ಬೇಟೆಯನ್ನು ತಮ್ಮ ಬಲಗೈಯಲ್ಲಿ ಕೊಯ್ಯುವವರೆಗೂ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದರು. ಮಗ ಕುರಿ ಕೊಯ್ದರೂ ಇಲ್ಲ, ಪೇಟೆಯ ಕೋಳಿ ತಂದರೂ ಇಲ್ಲ. ಹಾಲು, ಖರ್ಜೂರ, ರೊಟ್ಟಿ, ಬೇಳೆ, ಅಷ್ಟೇ. ಮಗನಿಗೋ ಅಪ್ಪ ಸೊರಗುತ್ತಿದ್ದಾರೆಂಬ ಚಿಂತೆ. ಬೇಟೆಯ ಋತು ಮುಗಿಯುವುದರೊಳಗೆ ಕೈ ಬಾರದಿದ್ದರೆ ಡೇರೆ ಕಿತ್ತು, ಗಿಡುಗವನ್ನು ಮಾರಿ, ಅಪ್ಪನನ್ನು ರಿಯಾದ್‌ನ ತನ್ನ ಮನೆಗೆ ಕರೆದೊಯ್ಯುತ್ತೇನೆ ಎಂದು ನನ್ನ ಬಳಿ ಖಡಾಖಂಡಿತವಾಗಿ ಹೇಳಿದ. ಅದು ಅಜ್ಜನಿಗೂ ಗೊತ್ತಿತ್ತು.

“ಎಡಗೈಯಲ್ಲಿ ಕೊಯ್ದರಾಗದೇ ಹಾಜಿ?” ಎಂದು ಒಮ್ಮೆ ಕೇಳಿದ್ದೆ.

ಕಣ್ಣು ಕೆಂಪಗೆ ಮಾಡಿದರು. “ನೀನು ಯಾವ ಕೈಯಲ್ಲಿ ಉಣ್ಣುತ್ತೀ?”

“ಬಲಗೈಯಲ್ಲಿ.”

“ಉಣ್ಣುವ ಕೈಯೇ ಕೊಲ್ಲಬೇಕು. ಒಂದು ಕೈ ಕೊಂದು ಇನ್ನೊಂದು ಕೈ ಉಂಡರೆ, ಉಣ್ಣುವ ಕೈಗೆ ಏನೂ ಗೊತ್ತಾಗುವುದಿಲ್ಲ.”

ನನ್ನ ಕೋಳಿಯ ಆಣೆಯನ್ನು ಅವರಿಗೆ ಹೇಳಿದೆ. ಭಲೇ ಎಂದು ಎಡಗೈಯಿಂದ ಬೆನ್ನು ತಟ್ಟಿದರು. ಸಂಜೆ ಚಹಾ ಕುಡಿಯುತ್ತ ತಮ್ಮ ಹರೆಯದ ಕಥೆ ಹೇಳಿದರು. ಜೀಪು ಹೊಸದಾಗಿ ಬಂದ ಕಾಲವಂತೆ. ಒಂಟೆಯ ಮೇಲೆ ಕೂತು ಮೂರು ದಿನ ಅಲೆದರೂ ಸಿಗದ ಜಿಂಕೆ ಜೀಪಿನ ಮುಂದೆ ಎಷ್ಟು ಹೊತ್ತು ಓಡೀತು? ಒಂದೇ ಬೆಳಿಗ್ಗೆ ಎಷ್ಟು ಕೆಡವಿದೆವೆಂದು ನಮಗೇ ಗೊತ್ತಿಲ್ಲ, ಹೊರಲಾರದೆ ಅರ್ಧವನ್ನು ಮರಳಿನಲ್ಲೇ ಬಿಟ್ಟು ಬಂದೆವು ಎಂದರು. “ಈಗ ಸರ್ಕಾರ ಲೈಸೆನ್ಸ್ ಕೊಡುತ್ತದೆ, ಇಷ್ಟೇ ದಿನ, ಇಂಥದೇ ಹಕ್ಕಿ ಅನ್ನುತ್ತದೆ. ನನ್ನ ಮಗ ಗೊಣಗುತ್ತಾನೆ. ನಾನು ಗೊಣಗುವುದಿಲ್ಲ. ಮುಗಿಸಿದವರು ನಾವೇ.” ಆ ಜಿಂಕೆಗಳ ನಂತರ ಅವರು ತಮಗೊಂದು ಕಟ್ಟಳೆ ಹಾಕಿಕೊಂಡಿದ್ದರು: ಬೇಟೆಗೆ ಹೋದ ದಿನ ಒಂದೇ ಹಕ್ಕಿ, ಕೊಂದದ್ದನ್ನು ಮೂಳೆಯವರೆಗೂ ತಿನ್ನುವುದು. ನನಗೆ ಅಮ್ಮನ ಮಾತು ನೆನಪಾಯಿತು.

ನಾನು ಕೆಲಸಕ್ಕೆ ನಿಂತರೆ ಬಿಡುವವನಲ್ಲ. ಚೂರಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆ. ಅಜ್ಜನ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿ, ಮೇಲೆ ನನ್ನ ಕೈ ಮುಚ್ಚಿ ಒತ್ತಿಸಿದೆ. ಬಿಸಿನೀರು, ಎಣ್ಣೆ, ಮತ್ತೆ ಒತ್ತು. ಅವರು ನನ್ನನ್ನು ಬೈಯದ ದಿನವಿಲ್ಲ, ನಾನು ಕನ್ನಡದಲ್ಲಿ ತಿರುಗಿ ಬೈಯದ ದಿನವಿಲ್ಲ. ಡಿಸೆಂಬರ್ ಕೊನೆಗೆ ಹೆಬ್ಬೆರಳು ಅಲುಗಿತು. ಜನವರಿ ನಡುವಿಗೆ ಚೂರಿ ಕೈಯಿಂದ ಬೀಳುವುದು ನಿಂತಿತು. ಕೊನೆಗೊಂದು ದಿನ ಅವರು ಒಂದು ಈರುಳ್ಳಿಯನ್ನು ಎರಡು ಮಾಡಿದರು. ಹೋಳು ಸೊಟ್ಟಗಿತ್ತು. ಅದನ್ನು ಹಸಿಯಾಗಿಯೇ ನನಗೊಂದು, ತಮಗೊಂದು ಎಂದು ಹಂಚಿದರು, ಇಬ್ಬರ ಕಣ್ಣಲ್ಲೂ ನೀರು.

ಅವರ ಬೇಟೆ ಕರವಾನ್ ಎಂಬ ಹಕ್ಕಿ. ಕೋಳಿಗಿಂತ ಸಣ್ಣದು, ಉದ್ದ ಕಾಲು, ಹಳದಿ ಬಣ್ಣದ ದೊಡ್ಡ ಕಣ್ಣು. ಮಣ್ಣಿನ ಬಣ್ಣದಲ್ಲೇ ಬೆರೆತು ನೆಲಕ್ಕೆ ಅಂಟಿ ಕೂರುತ್ತದೆ. ಆ ಋತುವಿನಲ್ಲಿ ಗಿಡುಗ ಅದಾಗಲೇ ಎರಡು ಕರವಾನ್ ಹಿಡಿದಿತ್ತು. ಎರಡೂ ಅಜ್ಜ ಹತ್ತಿರ ಹೋಗುವಷ್ಟರಲ್ಲಿ ಸತ್ತಿದ್ದವು. ಇದರಲ್ಲಿ ಒಂದು ನಿಯಮವಿದೆ. ಅಜ್ಜ ನನಗೆ ಎರಡು ಸಲ ಬಿಡಿಸಿ ಹೇಳಿದ್ದರು. ದೇವರ ಹೆಸರು ಹೇಳಿ ಬಿಟ್ಟ ಗಿಡುಗವೇ ಕೊಂದುಬಿಟ್ಟರೆ ಆ ಹಕ್ಕಿ ಹಲಾಲ್. ಹಕ್ಕಿಗೆ ಇನ್ನೂ ಜೀವವಿದ್ದರೆ ಮನುಷ್ಯ ದೇವರ ಹೆಸರು ಹೇಳಿ ಚೂರಿಯಿಂದ ಕೊಯ್ದು ರಕ್ತ ಹರಿಸಬೇಕು. ಬೇರೆ ಹೇಗೆ ಸತ್ತರೂ ಅದು ಹೆಣ, ಯಾರೂ ತಿನ್ನುವಂತಿಲ್ಲ. ಸತ್ತೇ ಸಿಕ್ಕ ಆ ಎರಡನ್ನು ಮನೆಯವರು ತಿಂದರು, ಅಜ್ಜ ಮುಟ್ಟಲಿಲ್ಲ. ಅವರಿಗೆ ಬೇಕಾದದ್ದು ಜೀವವಿರುವ ಹಕ್ಕಿ.

ಋತುವಿನ ಕೊನೆಯ ದಿನ ಬೆಳಿಗ್ಗೆ ರಜೆ ಹಾಕಿ ನಾನೂ ಅವರ ಜೊತೆ ಹೋದೆ. ಮಗ ಕಾರು ನಡೆಸಿದ. ಮರಳಿನ ಮೇಲಿನ ಹೆಜ್ಜೆಗುರುತು ಹಿಡಿದು ಎರಡು ಗಂಟೆ ಸುತ್ತಿದ ಮೇಲೆ ಒಂದು ಕುರುಚಲು ಗಿಡದ ಬುಡದಿಂದ ಕರವಾನ್ ಎದ್ದಿತು. ಅಜ್ಜ ಎಡ ಮುಷ್ಟಿಯ ಮೇಲಿದ್ದ ಗಿಡುಗದ ಟೋಪಿ ಹಲ್ಲಿನಿಂದ ಕಿತ್ತು, “ಬಿಸ್ಮಿಲ್ಲಾ” ಎಂದು ಬಿಟ್ಟರು. ನೆಲದಿಂದ ಮೂರಡಿ ಎತ್ತರದಲ್ಲಿ ಎರಡೂ ಹಾರಿದವು, ತಿರುಗಿದವು, ಧೂಳೆಬ್ಬಿಸಿ ಉರುಳಿದವು. ಕಾರನ್ನು ದೂರದಲ್ಲೇ ನಿಲ್ಲಿಸಲು ಹೇಳಿ ಅಜ್ಜ ಇಳಿದರು. ಚೂರಿ ಬಲಗೈಯಲ್ಲಿ, ಊರುಗೋಲು ಎಡಗೈಯಲ್ಲಿ. ಬೇಟೆಯ ಹತ್ತಿರ ನಡೆದೇ ಹೋಗಬೇಕು ಎನ್ನುವುದೂ ಅವರ ಕಟ್ಟಳೆಗಳಲ್ಲೊಂದು.

ಹಕ್ಕಿಗೆ ಜೀವವಿತ್ತು. ಗಿಡುಗ ಅದರ ಮೇಲೆ ನಿಂತು ಎದೆಯ ಗರಿ ಕೀಳುತ್ತಿತ್ತು. ಹಕ್ಕಿ ಕೂಗುತ್ತಿತ್ತು. ಆ ಕೂಗನ್ನು ಬರೆದು ತೋರಿಸಲು ನನಗೆ ಬಾರದು. ಅಜ್ಜ ಒಂದು ಹೆಜ್ಜೆ, ನಿಂತು, ಇನ್ನೊಂದು ಹೆಜ್ಜೆ. ಇನ್ನೂ ಇಪ್ಪತ್ತು ಮೂವತ್ತು ಹೆಜ್ಜೆ ಬಾಕಿ ಇತ್ತು. ಅವರನ್ನು ದಾಟಿ ನಾನು ಓಡಿದೆ. ಗಿಡುಗದ ಕಾಲಿನಡಿ ಕೈ ಹಾಕಿ ಹಕ್ಕಿಯ ಕತ್ತನ್ನು ಹಿಡಿದು, ಕಣ್ಣು ಮುಚ್ಚಿ ಒಂದೇ ತಿರುವು ತಿರುವಿದೆ.

ಕೂಗು ನಿಂತಿತು. ಕಣ್ಣು ಬಿಟ್ಟು ನೋಡಿದರೆ ಅಜ್ಜ ನಡಿಗೆ ನಿಲ್ಲಿಸಿದ್ದರು. ಚೂರಿ ಹಿಡಿದ ಬಲಗೈ ಎದೆಯ ಮಟ್ಟದಲ್ಲಿ ಹಾಗೇ ಇತ್ತು. ಆಗ ನನಗೆ ನಾನು ಮಾಡಿದ್ದೇನೆಂದು ತಿಳಿಯಿತು.

ಅಯ್ಯೋ ದೇವರೇ! ಹನ್ನೊಂದು ವರ್ಷ ಸೌದಿಯಲ್ಲಿದ್ದವನು ನಾನು. ಹಲಾಲ್ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ತಿಂಗಳು ನಾನೇ ಆ ಬೆರಳುಗಳನ್ನು ಒಂದೊಂದಾಗಿ ಮಡಿಸಿದವನು, ಯಾವ ಒಂದು ಕ್ಷಣಕ್ಕಾಗಿ ಎಂಬುದು ನನಗೇ ಚೆನ್ನಾಗಿ ಗೊತ್ತು. ಬುದ್ಧಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಕೈ ಕಟ್ಟಡದ ಹಿಂದಿನ ಅಂಗಳದಲ್ಲಿ ಅಮ್ಮನ ಮಾತಿನಂತೆ ಕಲಿತದ್ದನ್ನು ಮಾಡಿ ಮುಗಿಸಿತ್ತು. ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮಗ ಓಡಿಬಂದು ಬಾಯಿಗೆ ಬಂದಂತೆ ಕೂಗಾಡಿದ. ಅಜ್ಜ ಅವನನ್ನು ಕೈಸನ್ನೆಯಲ್ಲಿ ಸುಮ್ಮನಾಗಿಸಿದರು.

“ಅದಕ್ಕೆ ನೋವಾಗುತ್ತಿತ್ತು ಹಾಜಿ,” ಎಂದೆ.

“ಅದಕ್ಕೋ, ನಿನಗೋ?” ಎಂದರು.

ಅವರ ಮುಖದಲ್ಲಿ ಸಿಟ್ಟಿದ್ದಿದ್ದರೆ ನಾನೂ ಸಿಟ್ಟಾಗಿ ಪಾರಾಗುತ್ತಿದ್ದೆ. ಅವರು ದಣಿದಿದ್ದರು, ಅಷ್ಟೇ. ಚೂರಿಯನ್ನು ಒರೆಗೆ ಸೇರಿಸಲು ಮೂರು ಸಲ ಪ್ರಯತ್ನಿಸಿದರು. ನಾನು ನೆರವಿಗೆ ಹೋಗಲಿಲ್ಲ.

“ಕೊಂದವನು ನೀನು. ಇನ್ನು ಅದು ನಿನ್ನದು,” ಎಂದರು ಕೊನೆಗೆ.

ಡೇರೆಯ ಪಾತ್ರೆಗಳಲ್ಲಿ ಆ ಹಕ್ಕಿಯನ್ನು ಬೇಯಿಸುವ ಹಾಗಿರಲಿಲ್ಲ, ಪಾತ್ರೆ ಮೈಲಿಗೆಯಾಗುತ್ತದೆ. ಹಾಲಿನ ಪುಡಿಯ ಒಂದು ಖಾಲಿ ಡಬ್ಬಿ ಸಿಕ್ಕಿತು. ಡೇರೆಯಿಂದಾಚೆ ಮೂರು ಕಲ್ಲು ಹೂಡಿ, ಗರಿ ಕಿತ್ತು, ಉಪ್ಪು ಹಾಕಿ ಬೇಯಿಸಿದೆ. ಎಷ್ಟು ಬೇಯಿಸಿದರೂ ಮಾಂಸ ನಾರುನಾರು. ಅಜ್ಜ ಡೇರೆಯ ಬಾಗಿಲಲ್ಲಿ ಕಂಬಳಿ ಹೊದ್ದು ಕೂತು ನನ್ನನ್ನೇ ನೋಡುತ್ತಿದ್ದರು. ಅರ್ಧ ತಿಂದದ್ದಾಯಿತು. ಡಬ್ಬಿ ಕೆಳಗಿಟ್ಟೆ.

“ಮುಗಿಸು,” ಎಂದರು ಅಲ್ಲಿಂದಲೇ.

ಮುಗಿಸಿದೆ. ರೆಕ್ಕೆಯ ಮೂಳೆಗಳನ್ನೂ ಅಗಿದೆ. ಎರಡು ಗಂಟೆ ಹಿಡಿಯಿತು. ಹನ್ನೊಂದು ವರ್ಷದಲ್ಲಿ ಅತ್ತಿರದವನು ಅವತ್ತು ಆ ಡಬ್ಬಿಯ ಮುಂದೆ ಅತ್ತೆ.

ಎರಡು ದಿನ ಬಿಟ್ಟು ಮಗ ಚಿಕಿತ್ಸಾಲಯಕ್ಕೆ ಬಂದ. ಗಿಡುಗಕ್ಕೆ ಗಿರಾಕಿ ಸಿಕ್ಕಿದ್ದಾನೆ, ಡೇರೆ ಕೀಳುತ್ತಿದ್ದೇವೆ, ನೀನಿನ್ನು ಬರಬೇಕಾಗಿಲ್ಲ, ಖಲಾಸ್ ಎಂದ. ಅದಕ್ಕೆ ನನಗೆ ಯಾವ ಅಧಿಕಾರವಿತ್ತೋ ಗೊತ್ತಿಲ್ಲ, ನೇರ ಅವನ ಕಾರಿನಲ್ಲಿ ಹೋಗಿ ಕೂತೆ. ಅಪ್ಪನ ಬಾಯಿಂದಲೇ ಕೇಳುತ್ತೇನೆ ಎಂದೆ. ಅವನೂ ನನ್ನಂತೆ ಮುಂಗೋಪಿ. ಬೈಯುತ್ತಲೇ ಕಾರನ್ನು ಡೇರೆಯ ಕಡೆ ಓಡಿಸಿದ.

ಅಜ್ಜ ನನ್ನನ್ನು ನೋಡಿದವರೇ ಬಲಗೈಯನ್ನು ಮುಂದೆ ಚಾಚಿದರು, ದಿನವೂ ಚಾಚುವ ಹಾಗೆ. ಆಮೇಲೆ ಮಗನಿಗೆ ಹೇಳಿದರು: “ಕೆಡಿಸಿದವನೇ ಕಟ್ಟಲಿ. ಗಿಡುಗ ಎಲ್ಲಿಗೂ ಹೋಗುವುದಿಲ್ಲ. ನಾನೂ ಹೋಗುವುದಿಲ್ಲ.”

“ಇನ್ನೊಂದು ಋತು ಬರುವವರೆಗೆ ಮಾಂಸ ಮುಟ್ಟದೆ ಇರುತ್ತೀಯಾ ಅಪ್ಪ? ಈ ವಯಸ್ಸಿನಲ್ಲಿ?”

“ಮುಟ್ಟದಿದ್ದರೆ ಸಾಯುತ್ತಾರಾ?” ಎಂದು ಅಜ್ಜ ನನ್ನನ್ನು ಕೇಳಿದರು.

ಸಾಯುವುದಿಲ್ಲ, ನನ್ನ ಜೊತೆಗಿರುವವರು ನಲವತ್ತೆಂಟು ವರ್ಷದಿಂದ ಮುಟ್ಟಿಲ್ಲ, ಕಲ್ಲುಗುಂಡಿನ ಹಾಗಿದ್ದಾರೆ ಎಂದೆ. ಅವರೇನು ತಿನ್ನುತ್ತಾರೆಂದು ಅಜ್ಜನಿಗೆ ಕುತೂಹಲ. ಹಾಗಾಗಿ ಮುಂದಿನ ಸಲ ಮೈಸೂರಿನವರ ತೊಗರಿಬೇಳೆ ಸಾರು ಫ್ಲಾಸ್ಕಿನಲ್ಲಿ ಮರುಭೂಮಿಗೆ ಹೋಯಿತು. ಅಜ್ಜ ಕುಡಿದು, ಮುಖ ಹಿಂಡಿ, ಇನ್ನೊಂದು ಲೋಟ ಕೇಳಿದರು.

“ಬೇಟೆಗಾರರಿಗೆ ನನ್ನ ಸಾರು!” ಎಂದು ಮೈಸೂರಿನವರು ಹಣೆ ಚಚ್ಚಿಕೊಂಡರು. “ನಮ್ಮಜ್ಜಿ ಇದ್ದಿದ್ರೆ ಎದೆ ಒಡ್ಕೊಂಡ್ಬಿಡೋರು.” ಆದರೆ ವಾರಕ್ಕೆ ಮೂರು ದಿನ ಫ್ಲಾಸ್ಕು ತುಂಬುವುದನ್ನು ಅವರು ಒಮ್ಮೆಯೂ ತಪ್ಪಿಸಲಿಲ್ಲ.

ನಾನೂ ಒಂದನ್ನು ಬದಲಿಸಿದೆ. ಕುತ್ತಿಗೆ ತಿರುಚುವುದನ್ನು ಬಿಟ್ಟು ಒಂದು ಒಳ್ಳೆಯ ಚೂರಿ ಕೊಂಡೆ. ಕಣ್ಣು ಮುಚ್ಚದೆ ಕೋಳಿ ಕೊಯ್ಯುವುದನ್ನು ಕಲಿತೆ. ಮೊದಲ ದಿನ ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಆ ಕೋಳಿ ಒಂದು ವಾರ ಬಾಳಿಕೆ ಬಂತು. ತುಂಡು ತುಂಡಾಗಿ ಲೆಕ್ಕ ಇಟ್ಟು ತಿಂದೆ. ಹದಿನೈದು ದಿನಕ್ಕೊಂದು ಕೋಳಿ ಇದ್ದದ್ದು ತಿಂಗಳಿಗೊಂದಾಯಿತು. ಕತ್ತಿ ಎಂತದಕ್ಕೆ ಎಂದು ಅಮ್ಮ ಮತ್ತೆ ಕೇಳಿದಳು. “ನನಗೆ ಗೊತ್ತಾಗ್ಬೇಕು ಅಮ್ಮ, ಅದಕ್ಕೆ,” ಎಂದೆ. “ನಿನ್ನಿಷ್ಟ,” ಎಂದಳು.

ಬೇಸಿಗೆಯಲ್ಲಿ ಡೇರೆ ಕಿತ್ತು ಅಜ್ಜ ಊರಿನ ಮನೆಗೆ ಬಂದರು. ಗಿಡುಗ ಹಳೆಯ ಗರಿ ಉದುರಿಸಿ ಹೊಸ ಗರಿ ಹುಟ್ಟಿಸಿಕೊಳ್ಳಲು ಏಸಿ ಕೋಣೆ ಸೇರಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನಾನು ಅಜ್ಜನಿಂದ ರೊಟ್ಟಿಯ ಹಿಟ್ಟು ನಾದಿಸುತ್ತಿದ್ದೆ. ಬೆರಳಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಗಂಡಸು ಹಿಟ್ಟು ನಾದುವುದೇ ಎಂದು ಮೊದಲು ಹಾರಾಡಿದರು. ಒಂದು ತಿಂಗಳಾದ ಮೇಲೆ ತಾವು ನಾದಿದ ಹಿಟ್ಟಿನ ರೊಟ್ಟಿಯೇ ಬೇಕು ಅನ್ನತೊಡಗಿದರು. ಪ್ರತಿ ಸಲವೂ ಕೊನೆಗೆ ಅದೇ ಬಟ್ಟೆಯ ಪಟ್ಟಿ: ಅವರು ಹಿಡಿಯುವುದು, ನಾನು ಎಳೆಯುವುದು. ಬಕ್ರೀದಿಗೆ ಮಗನ ಕೈಯಲ್ಲಿ ಕುರ್ಬಾನಿ ಮಾಡಿಸಿ ತಮ್ಮ ಪಾಲನ್ನೆಲ್ಲ ನೆರೆಹೊರೆಗೆ ಹಂಚಿದರು. ಮನೆಮಂದಿ ಗೋಗರೆದರು. ಮನೆತುಂಬ ಮಾಂಸದ ಪರಿಮಳ, ಅಜ್ಜ ಮಾತ್ರ ಫ್ಲಾಸ್ಕಿನ ಮುಚ್ಚಳದಲ್ಲಿ ಸಾರು ಕುಡಿಯುತ್ತ ಕೂತಿದ್ದರು.

ಮತ್ತೆ ಚಳಿ ಬಂತು, ಲೈಸೆನ್ಸ್ ಬಂತು. ಮೊದಲ ಎರಡು ಸಲ ಹಕ್ಕಿಯೇ ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿದ್ದು ಸತ್ತಿತ್ತು. ನಾಲ್ಕನೆಯ ಸಲ, ಡಿಸೆಂಬರಿನ ಒಂದು ಬೆಳಿಗ್ಗೆ, ಗಿಡುಗ ಕರವಾನನ್ನು ಉರುಳಿಸಿದ್ದು ಒಂದು ಬರಿಯ ಬಯಲಿನಲ್ಲಿ. ಇಳಿಯುವ ಮೊದಲೇ ಕೂಗು ಕೇಳಿಸಿತು.

ಅಜ್ಜ ನಡೆಯತೊಡಗಿದರು. ನಾನು ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದೆ. ಕೈಗಳೆರಡನ್ನೂ ಕಂಕುಳಲ್ಲಿ ಬಿಗಿದುಕೊಂಡಿದ್ದೆ. ಹಕ್ಕಿ ಕೂಗಿತು. ಕಣ್ಣು ಮುಚ್ಚಬಾರದು ಎಂದು ಹಲ್ಲು ಕಚ್ಚಿದೆ. ಗರಿ ಹಾರುವುದನ್ನು ನೋಡಿದೆ, ಅದರ ಹಳದಿ ಕಣ್ಣು ನೋಡಿದೆ. ಹನ್ನೊಂದು, ಹನ್ನೆರಡು, ಅಜ್ಜನ ಹೆಜ್ಜೆ ಎಣಿಸಿದೆ. ಓಡುವುದಕ್ಕಿಂತ ನಿಧಾನವಾಗಿ ನಡೆಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡನೆಯ ಹೆಜ್ಜೆಗೆ ಅವರು ಮಂಡಿಯೂರಿದರು. ಊರುಗೋಲು ಬಿಟ್ಟು ಎಡಗೈಯಲ್ಲಿ ಹಕ್ಕಿಯ ತಲೆ ಹಿಡಿದರು. ಬಲಗೈ ನಡುಗಿತು, ನಿಂತಿತು. ದೇವರ ಹೆಸರು ಹೇಳಿದರು. ಚೂರಿ ಒಂದೇ ಸಲ ಹೋಗಿ ಬಂತು. ರಕ್ತ ಮರಳಿಗೆ ಇಳಿಯಿತು.

ಮಗ ಮುಖಕ್ಕೆ ರುಮಾಲು ಒತ್ತಿಕೊಂಡು ಆ ಕಡೆ ತಿರುಗಿದ. ಅಜ್ಜ ಮೊದಲು ಗುಂಡಿಗೆ ತೆಗೆದು ಗಿಡುಗಕ್ಕೆ ಕೊಟ್ಟರು, ಅದರ ಪಾಲು ಅದಕ್ಕೆ. ಎದ್ದು ನಿಲ್ಲಲು ನನ್ನ ಭುಜ ಹಿಡಿದರು.

ಅವತ್ತು ಮಧ್ಯಾಹ್ನ ಡೇರೆಯಲ್ಲಿ ದೊಡ್ಡ ತಟ್ಟೆಯ ಸುತ್ತ ಕೂತೆವು. ಅಜ್ಜ, ಮಗ, ಪಕ್ಕದ ಡೇರೆಯ ಒಬ್ಬ ಮುದುಕರು, ನಾನು. ಗುಡ್ಡೆ ಅನ್ನದ ನಡುವೆ ಆ ಪುಟ್ಟ ಹಕ್ಕಿ. ಅಜ್ಜ ಬಲಗೈಯಿಂದ ಒಂದು ಚೂರು ಕಿತ್ತು ಬಾಯಿಗಿಟ್ಟರು. ಒಂದು ವರ್ಷದ ಮೇಲಾಗಿತ್ತು ಅವರು ಮಾಂಸ ಅಗಿದು. ಕಣ್ಣು ಮುಚ್ಚಲಿಲ್ಲ, ತಟ್ಟೆಯನ್ನೇ ನೋಡುತ್ತ ನಿಧಾನವಾಗಿ ಅಗಿದರು. ನನಗೆ ತಡೆಯಲಾರದಷ್ಟು ಸಂತೋಷವಾಗಿತ್ತು. ಆ ಸಂತೋಷದಲ್ಲಿ ಎಲ್ಲರ ಹಾಗೆ ನಾನೂ ಹಕ್ಕಿಯ ಕಡೆಗೆ ಕೈ ಚಾಚಿದೆ.

ಅಜ್ಜ ನನ್ನ ಮಣಿಕಟ್ಟು ಹಿಡಿದರು, ಬಲಗೈಯಿಂದ.

“ಇದನ್ನು ಕೊಂದ ಕೈ ಇದಲ್ಲ, ಹಿಂದೀ,” ಎಂದರು. “ನಿನ್ನ ಆಣೆ ನೀನು ಮರೆತರೂ ನಾನು ಮರೆಯುವುದಿಲ್ಲ. ಅನ್ನ ಉಣ್ಣು.”

ಐದು ಬೆರಳೂ ಸರಿಯಾದ ಜಾಗದಲ್ಲಿದ್ದವು. ಹೆಬ್ಬೆರಳಿನ ಒತ್ತು ಎಲುಬಿಗೆ ತಾಗುತ್ತಿತ್ತು. ಬಟ್ಟೆಯ ಪಟ್ಟಿ ಎಳೆಯುವ ಹಾಗೆ, ಬೇಕೆಂದೇ, ಒಮ್ಮೆ ಕೈ ಜಗ್ಗಿ ನೋಡಿದೆ. ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಜಗ್ಗಿದೆ. ಆಗಲೂ ಬಿಡಲಿಲ್ಲ.